ಒಂದು ಮುಖದಲ್ಲಿ ದೊರೆ, ಮತ್ತೊಂದರಲ್ಲಿ ಕ್ರಿಸ್ತ

ಪ್ರಶ್ನೆ: ಹದಿನಾರನೆಯ ಶತಮಾನದ ಸ್ವೀಡನ್ನಿನ ಬೆಳ್ಳಿ ನಾಣ್ಯವೊಂದರ ಚಿತ್ರವನ್ನು ನೋಡಿದೆ. ಒಂದು ಕಡೆ ಕತ್ತಿ ಹಿಡಿದ ರಾಜ, ಇನ್ನೊಂದು ಕಡೆ ಯೇಸು ಕ್ರಿಸ್ತ. ನಮ್ಮ ವಿಷ್ಣುವರ್ಧನನ ನಾಣ್ಯಗಳಲ್ಲಿ ರಾಜನ ಮುಖವಿಲ್ಲ. ಸ್ವೀಡನ್ನಿನ ಅರಸರಿಗೆ ಅದೇಕೆ ಬೇಕಾಯಿತು?
— ಓದುಗರೊಬ್ಬರು, ಹಾಸನ

ಉತ್ತರ: ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಒಂದು ಕಡೆ ಸಿಂಹವಿದೆ, ಇನ್ನೊಂದು ಕಡೆ ‘ತಲಕಾಡುಗೊಂಡ’ ಎಂಬಂಥ ಬಿರುದು ಕನ್ನಡ ಲಿಪಿಯಲ್ಲಿದೆ. ಚೋಳರಿಂದ ತಲಕಾಡನ್ನು ಗೆದ್ದ ದೊರೆಯ ಹಿರಿಮೆಯನ್ನು ಸಾರಲು ಆ ಬಿರುದೇ ಸಾಕಾಗಿತ್ತು.

ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾನ ಪರಿಸ್ಥಿತಿ ಬೇರೆ. ಅವನು ಅರಸನ ಮಗನಲ್ಲ. ಡೆನ್ಮಾರ್ಕಿನ ಎರಡನೆಯ ಕ್ರಿಶ್ಚಿಯನ್ನನ ವಿರುದ್ಧ ದಂಗೆಯ ಮುಂದಾಳಾಗಿ, 1523ರಲ್ಲಿ ಚುನಾಯಿತ ರಾಜನಾದವನು. ಅದಕ್ಕೆ ಮೊದಲು ಸ್ವೀಡನ್ನಿನ ನಾಣ್ಯಗಳಲ್ಲಿ ನಾಡಿನ ರಕ್ಷಕ ಸಂತನಾದ ಎರಿಕ್ ಕಾಣಿಸಿಕೊಳ್ಳುತ್ತಿದ್ದ. 1527ರಲ್ಲಿ ವೆಸ್ಟೆರೋಸ್ ಪಟ್ಟಣದಲ್ಲಿ ನಡೆದ ನಾಡಸಭೆಯ ಬಳಿಕ ಚರ್ಚಿನ ಆಸ್ತಿಯೂ ಅಧಿಕಾರವೂ ರಾಜನ ಕಡೆಗೆ ವಾಲಿದವು. ಸಿಂಹಾಸನವೂ ಹೊಸದು, ಧರ್ಮದ ವ್ಯವಸ್ಥೆಯೂ ಹೊಸದು ಎಂಬಾಗ, ತನ್ನ ರೂಪವನ್ನು ಪ್ರಜೆಗಳ ಕೈಗೆ ತಲುಪಿಸುವುದು ಅವನಿಗೆ ಅಗತ್ಯವಾಗಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ.

ಅದಕ್ಕೆ ತಕ್ಕ ಅವಕಾಶವೂ ಒದಗಿತು. ಬೊಹೀಮಿಯದ (ಈಗಿನ ಚೆಕ್ ದೇಶದ) ಯೋಆಖಿಮ್ಸ್‌ಟಾಲ್‌ನಲ್ಲಿ ಹುಟ್ಟಿದ ದೊಡ್ಡ ಬೆಳ್ಳಿ ನಾಣ್ಯದ ಮಾದರಿಯಲ್ಲಿ ಸ್ವೀಡನ್ ತನ್ನ ಮೊದಲ ದಾಲರ್ ಅನ್ನು 1534ರಲ್ಲಿ ಟಂಕಿಸಿತು. ಸ್ವೀಡನ್ನಿನ ಸಾಲಾ ಗಣಿಯ ಬೆಳ್ಳಿ ದೊರೆಯ ಬೊಕ್ಕಸಕ್ಕೆ ಆಧಾರವಾಗಿತ್ತು. ಇಷ್ಟು ಅಗಲದ ಲೋಹದ ಮೇಲೆ ಅಚ್ಚು ಕೊರೆಯುವವನಿಗೆ ಆಕೃತಿಯ ವಿವರಗಳನ್ನು ಮೂಡಿಸಲು ಜಾಗ ಸಿಕ್ಕಿತು. ಗುಸ್ತಾವ್ ವಾಸಾನ 1540ರ ದಶಕದ ದಾಲರ್‌ಗಳನ್ನು ಗಮನಿಸಿ: ಕಿರೀಟಧಾರಿಯಾದ ರಾಜ ಸೊಂಟದವರೆಗೆ ಕಾಣಿಸುತ್ತಾನೆ, ಕೈಗಳಲ್ಲಿ ಕತ್ತಿ ಮತ್ತು ರಾಜದಂಡ, ಹಿಂಬದಿಯಲ್ಲಿ ಭೂಗೋಳವನ್ನು ಹಿಡಿದು ಆಶೀರ್ವದಿಸುತ್ತ ನಿಂತ ಕ್ರಿಸ್ತ, ಸುತ್ತಲೂ ಲೋಕರಕ್ಷಕನಲ್ಲಿ ಮೊರೆಯಿಡುವ ಲ್ಯಾಟಿನ್ ಬರಹ. ಸಂತನ ಮಧ್ಯಸ್ಥಿಕೆಯಿಲ್ಲದೆ ದೊರೆಯೂ ದೇವರೂ ಒಂದೇ ಬಿಲ್ಲೆಯಲ್ಲಿ ಬೆನ್ನಿಗೆ ಬೆನ್ನಾಗಿ ನಿಂತಿರುವುದೇ ಇದರಲ್ಲಿನ ಮುಖ್ಯ ಸಂಗತಿ. ಚುನಾವಣೆಯಿಂದ ಗುಸ್ತಾವ್ ವಾಸಾನಿಗೆ ಸಿಕ್ಕಿದ ಸಿಂಹಾಸನ ಮುಂದೆ ಅವನ ವಂಶಕ್ಕೇ ಸಲ್ಲಬೇಕೆಂದು 1544ರಲ್ಲಿ ತೀರ್ಮಾನವಾಯಿತು.

ಈ ಜೋಡಣೆ ಬಹುಕಾಲ ಉಳಿಯಿತು. 1632ರಲ್ಲಿ ಲ್ಯೂಟ್ಸೆನ್ ಕದನದಲ್ಲಿ ತಂದೆ, ದೊರೆ ಗುಸ್ತಾವ್ ಅಡಾಲ್ಫ್ ಮಡಿದಾಗ ಇನ್ನೂ ಆರು ತುಂಬದಿದ್ದ ಕ್ರಿಸ್ಟಿನಾಳ ಆಳ್ವಿಕೆಯ ರಿಕ್ಸ್‌ದಾಲರ್ ಎಂಬ ಬೆಳ್ಳಿ ನಾಣ್ಯಗಳಲ್ಲಿಯೂ ಒಂದು ಕಡೆ ರಾಣಿ, ಇನ್ನೊಂದು ಕಡೆ ಕ್ರಿಸ್ತನಿದ್ದಾನೆ. ಆದರೆ ಅವಳ ಕಾಲದಲ್ಲೇ, 1644ರಲ್ಲಿ, ತಾಮ್ರದ ಹಲಗೆಗಳನ್ನೇ ಹಣವಾಗಿ ಹೊರಡಿಸಲಾಯಿತು. ಹತ್ತು ದಾಲರ್‌ನ ಹಲಗೆಯ ತೂಕ ಸುಮಾರು 20 ಕಿಲೋ. ಅಷ್ಟು ವಿಶಾಲವಾದ ಲೋಹದ ಮೇಲೆ ರಾಣಿಯ ಮುಖವಿಲ್ಲ. ನಾಲ್ಕು ಮೂಲೆಗಳಲ್ಲಿ ಕಿರೀಟದ ಮುದ್ರೆ, ನಡುವೆ ಬೆಲೆಯ ಮುದ್ರೆ, ಇಷ್ಟೇ ಇವೆ.