ಟೀ ಬೆಲೆ ಏರಿರಲಿಲ್ಲ, ಇಳಿದಿತ್ತು

ಓದುಗರ ಪತ್ರ: ಅಮೆರಿಕದ ಸ್ವಾತಂತ್ರ್ಯ ಹೋರಾಟದ ಬಗ್ಗೆ ಕಳೆದ ಸಂಚಿಕೆಯ ಪುಟ್ಟ ಬರಹವೊಂದರಲ್ಲಿ ‘ಟೀ ಬೆಲೆ ಏರಿಸಿದ್ದಕ್ಕೆ ಬಾಸ್ಟನ್ ಜನ ಬಂಡೆದ್ದರು’ ಎಂದು ಓದಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ನಾನೂ ಹಾಗೇ ಪಾಠ ಮಾಡಿದವನು. ಅದನ್ನು ಓದಿ ಹೇಳಿದಾಗ ಮೊಮ್ಮಗಳು ಕೇಳಿದಳು: ‘ತಾತ, ಅಲ್ಲಿದ್ದವರೂ ಇಂಗ್ಲಿಷರು, ಆಳುತ್ತಿದ್ದವರೂ ಇಂಗ್ಲಿಷರು. ಮತ್ತೆ ಯಾರಿಂದ ಯಾರಿಗೆ ಸ್ವಾತಂತ್ರ್ಯ?’ ನನಗೆ ಉತ್ತರ ಹೊಳೆಯಲಿಲ್ಲ. ನೀವು ಹೇಳುತ್ತೀರಾ?
– ನಿವೃತ್ತ ಮೇಷ್ಟ್ರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಆ ಸಾಲು ನಮ್ಮ ಕಣ್ಣು ತಪ್ಪಿಸಿ ಅಚ್ಚಿಗೆ ಹೋಯಿತು. 1773ರ ಟೀ ಕಾಯ್ದೆಯಿಂದ ಬೆಲೆ ಏರಲಿಲ್ಲ, ಇಳಿಯಿತು. ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳಲ್ಲಿ ಚೀನಾದ ಟೀ ಮಾರಾಟವಾಗದೆ ರಾಶಿ ಬಿದ್ದಿತ್ತು. ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಅದನ್ನು ಉಳಿಸಲು ಸಂಸತ್ತು ಲಂಡನ್ನಿನ ಸುಂಕವನ್ನು ಬಿಟ್ಟುಕೊಟ್ಟಿತು, ನೇರವಾಗಿ ಅಮೆರಿಕದಲ್ಲೇ ಮಾರಿಕೊಳ್ಳಲು ಬಿಟ್ಟಿತು. ಡಚ್ಚರಿಂದ ಕದ್ದು ತರುತ್ತಿದ್ದ ಟೀಗೂ ಪೈಪೋಟಿ ಕೊಡುವಷ್ಟು ಅದು ಅಗ್ಗವಾಯಿತು. 1767ರಲ್ಲಿ ಹಾಕಿದ್ದ ತೆರಿಗೆ ಮಾತ್ರ ಹಾಗೇ ಉಳಿಯಿತು. ಪೌಂಡು ತೂಕಕ್ಕೆ 3 ಪೆನ್ಸ್, ಅಷ್ಟೇ.

ಅಗ್ಗಕ್ಕೆ ಸಿಕ್ಕ ಟೀಯನ್ನು ಜನ ಸಮುದ್ರಕ್ಕೆ ಸುರಿದದ್ದೇಕೆ? ನಿಮ್ಮ ಮೊಮ್ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ಗೆ ಬಂದಿಳಿದವರು ಬಂಗಾರ ಸಿಗುತ್ತದೆ ಅಂತ ಬಂದವರು. ಸಿಕ್ಕಿದ್ದು ಜ್ವರ, ಹಸಿವು. 1609ರ ಚಳಿಗಾಲದಲ್ಲಿ ಕುದುರೆ, ನಾಯಿ, ಇಲಿ ತಿಂದರು, ಬೂಟಿನ ಚರ್ಮವನ್ನೂ ಬೇಯಿಸಿ ತಿಂದರು. ನೂರಾರು ಜನರಲ್ಲಿ ವಸಂತಕ್ಕೆ ಉಳಿದವರು ಸುಮಾರು 60. ಕೊನೆಗೆ ಅವರನ್ನು ಕಾಪಾಡಿದ್ದು ಹೊಗೆಸೊಪ್ಪಿನ ಬೆಳೆ. 1620ರಲ್ಲಿ ಪ್ಲಿಮತ್‌ಗೆ ಬಂದವರದೂ ಅದೇ ಕಥೆ. ನೂರರಷ್ಟಿದ್ದವರಲ್ಲಿ ಅರ್ಧಕ್ಕರ್ಧ ಜನ ಮೊದಲ ಚಳಿಗಾಲ ದಾಟಲಿಲ್ಲ.

ಲಂಡನ್ನಿಗೆ ಪತ್ರ ಬರೆದರೆ ಹಡಗಿನಲ್ಲಿ ಹೋಗಿ ಉತ್ತರ ಬರುವಷ್ಟರಲ್ಲಿ ಮೂರು ನಾಲ್ಕು ತಿಂಗಳು. ಅಲ್ಲಿವರೆಗೆ ಕಾಯುತ್ತಾ ಕೂತರೆ ಬೇಲಿ ಕಟ್ಟುವವರು ಯಾರು? ಹಾಗಾಗಿ ಅವರವರ ಕೆಲಸ ಅವರವರೇ ನೋಡಿಕೊಂಡರು. ವರ್ಜೀನಿಯಾದಲ್ಲಿ 1619ಕ್ಕೇ ಚುನಾಯಿತ ಸಭೆ ಸೇರಿತು. ಬಾಸ್ಟನ್ ಇರುವ ಮೆಸಾಚುಸೆಟ್ಸ್ ಕಡೆ ಊರೂರಿಗೂ ಊರ ಸಭೆ. ಯಾವ ರಸ್ತೆಗೆ ಕಲ್ಲು ಹಾಕಬೇಕು, ಮೇಷ್ಟ್ರಿಗೆ ಎಷ್ಟು ಸಂಬಳ ಕೊಡಬೇಕು ಎಲ್ಲ ಅಲ್ಲೇ ತೀರ್ಮಾನ. ತೋಟಕ್ಕೆ ನುಗ್ಗುವ ಹಂದಿ ಹಿಡಿಯೋಕೂ ಒಬ್ಬನನ್ನು ಆರಿಸುತ್ತಿದ್ದರು! 50 ಮನೆಗಳಿರುವ ಊರು ಓದು ಬರಹ ಕಲಿಸುವವರನ್ನು ಇಟ್ಟುಕೊಳ್ಳಲೇಬೇಕು ಅಂತ 1647ರಲ್ಲೇ ಅಲ್ಲಿ ಕಾನೂನಾಯಿತು. ನಿಮಗೆ ಇಷ್ಟವಾಗುತ್ತದೆ ಅಂತ ಇದನ್ನು ಹೇಳಿದೆ.

ಇನ್ನೊಂದು ಸಂಗತಿ ಇದೆ, ನಮ್ಮ ಪಾಠಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ಬಹುಪಾಲು ವಸಾಹತುಗಳಿಗೆ ಗವರ್ನರ್ ರಾಜನ ಕಡೆಯಿಂದ ಬರುತ್ತಿದ್ದ, ಸರಿ. ಆದರೆ ಸಾಮಾನ್ಯವಾಗಿ ಅವನಿಗೆ ಸಂಬಳ ಮಂಜೂರು ಮಾಡುತ್ತಿದ್ದದ್ದು ಆ ವಸಾಹತಿನ ಚುನಾಯಿತ ಸಭೆ. ಗವರ್ನರ್ ಜಾಸ್ತಿ ಹಾರಾಡಿದರೆ ಸಂಬಳ ತಡವಾಗುತ್ತಿತ್ತು. ಜುಟ್ಟು ಯಾರ ಕೈಯಲ್ಲಿತ್ತು ನೋಡಿ.

1763ರ ಹೊತ್ತಿಗೆ ಇಂಗ್ಲೆಂಡ್ ಫ್ರೆಂಚರ ಮೇಲಿನ ಯುದ್ಧ ಗೆದ್ದಿತ್ತು, ಜೊತೆಗೆ 13 ಕೋಟಿ ಪೌಂಡಿನಷ್ಟು ಸಾಲ ಹೊತ್ತಿತ್ತು. ‘ನಿಮ್ಮನ್ನು ಕಾಪಾಡಲೂ ಖರ್ಚಾಗಿದೆ, ನೀವೂ ಕೊಡಿ’ ಎಂದಿತು. ಕೇಳಿದ್ದು ಅನ್ಯಾಯವೇನಲ್ಲ ಅಂತ ನನಗೂ ಅನ್ನಿಸುತ್ತದೆ. ಇಂಗ್ಲೆಂಡಿನ ಜನ ಇವರಿಗಿಂತ ಎಷ್ಟೋ ಪಾಲು ಹೆಚ್ಚು ತೆರಿಗೆ ಕಟ್ಟುತ್ತಿದ್ದರು. ಆದರೆ 1765ರಲ್ಲಿ ಸಂಸತ್ತು ಆರಿಸಿಕೊಂಡದ್ದು ಸ್ಟಾಂಪ್ ತೆರಿಗೆಯನ್ನು. ನಮ್ಮ ಛಾಪಾ ಕಾಗದದ ಹಾಗೇ. ಕೋರ್ಟಿನ ಅರ್ಜಿ, ಪತ್ರಿಕೆ, ಪಂಚಾಂಗ, ಇಸ್ಪೀಟು ಎಲೆ, ಎಲ್ಲಕ್ಕೂ ಮುದ್ರೆ ಬೇಕು. ಹೊಡೆತ ಬಿದ್ದದ್ದು ಯಾರಿಗೆ? ವಕೀಲರಿಗೆ, ಮುದ್ರಕರಿಗೆ, ಪತ್ರಿಕೆ ನಡೆಸುವವರಿಗೆ. ನಮ್ಮ ಕಸುಬಿನವರನ್ನು ಎದುರು ಹಾಕಿಕೊಂಡರೆ ಸುಮ್ನೆ ಬಿಡುತ್ತಾರಾ! ಮರುವರ್ಷವೇ ಕಾಯ್ದೆ ವಾಪಸಾಯಿತು.

ಆಮೇಲೆ 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಬಂತು. ಜನ ಇಂಗ್ಲೆಂಡಿನ ಸಾಮಾನು ಬಿಟ್ಟರು. ಹೆಂಗಸರು ಒಟ್ಟಿಗೆ ಕೂತು ನೂಲು ತೆಗೆದರು, ಮನೆಯಲ್ಲಿ ನೇಯ್ದ ದಪ್ಪ ಬಟ್ಟೆ ಉಡುವುದೇ ಹೆಮ್ಮೆಯಾಯಿತು. ಚರಕ ನೆನಪಾಗುತ್ತದೆ, ಅಲ್ವಾ? 1770ರಲ್ಲಿ ಉಳಿದ ಸುಂಕಗಳೆಲ್ಲ ಹೋದವು, ಟೀ ಮೇಲಿನದು ಒಂದು ಉಳಿಯಿತು. ಈ ಹಣದ ಒಂದು ಉದ್ದೇಶವೇ ಗವರ್ನರು, ನ್ಯಾಯಾಧೀಶರಿಗೆ ಸಂಬಳ ಕೊಡುವುದು. 1772ರಲ್ಲಿ ಮೆಸಾಚುಸೆಟ್ಸ್ ಗವರ್ನರ್ ಥಾಮಸ್ ಹಚಿನ್ಸನ್, ತನಗಿನ್ನು ಸಂಬಳ ರಾಜನ ಕಡೆಯಿಂದಲೇ ಬರುತ್ತದೆ ಎಂದು ತಿಳಿಸಿದರು. ಅಂದರೆ ಜುಟ್ಟು ಕೈತಪ್ಪಿತು. ಇಂಥ ಹೊತ್ತಿಗೆ ಅಗ್ಗದ ಟೀ ಬಂತು. ಕುಡಿದರೆ 3 ಪೆನ್ಸ್ ಕೊಟ್ಟಂತೆ, ಕೊಟ್ಟರೆ ತೆರಿಗೆ ಹಾಕುವ ಲಂಡನ್ನಿನ ಹಕ್ಕನ್ನು ಒಪ್ಪಿಕೊಂಡಂತೆ. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳ 342 ಪೆಟ್ಟಿಗೆ ಟೀ ಬಾಸ್ಟನ್ ಬಂದರಿನ ನೀರಿಗೆ ಬಿತ್ತು.

ಬಂಡಾಯ ಊರೂರಿಗೆ ಹಬ್ಬಿದ್ದು ಮಾತ್ರ ಟೀಯಿಂದಲ್ಲ, ಅದಕ್ಕೆ ಬಂದ ಶಿಕ್ಷೆಯಿಂದ ಅಂತ ನಾನು ತಿಳಿದಿದ್ದೇನೆ. 1774ರಲ್ಲಿ ಬಾಸ್ಟನ್ ಬಂದರು ಮುಚ್ಚಿತು. ಗವರ್ನರ್ ಅಪ್ಪಣೆ ಇಲ್ಲದೆ ಊರ ಸಭೆ ವರ್ಷಕ್ಕೆ ಒಂದೇ ಸಲ ಅಂತಲೂ ಕಾನೂನಾಯಿತು. ಟೀ ಗೊಡವೆಗೇ ಹೋಗದ ರೈತರಿಗೂ ಇದು ಮುಟ್ಟಿತು. ವೂಸ್ಟರ್ ಊರಿನಲ್ಲಿ ಸಾವಿರಾರು ರೈತರು ಸೇರಿ ಕೋರ್ಟನ್ನೇ ನಿಲ್ಲಿಸಿಬಿಟ್ಟರು. ಲೆಕ್ಸಿಂಗ್ಟನ್‌ನಲ್ಲಿ ಯುದ್ಧದ ಮೊದಲ ಗುಂಡು ಹಾರಿದ್ದು ಅದಾದ ಮೇಲೆ, 1775ರ ಏಪ್ರಿಲ್ 19ರಂದು.

ಹಾಗಂತ ಎಲ್ಲರೂ ಒಂದೇ ಕಡೆ ನಿಲ್ಲಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಅವರನ್ನೇ ನೋಡಿ. ಸ್ಟಾಂಪ್ ಕಾಯ್ದೆ ಬಂದಾಗ ಲಂಡನ್ನಿನಲ್ಲಿದ್ದ ಅವರು, ಮುದ್ರೆ ಹಂಚುವ ಕೆಲಸ ತಮ್ಮ ಗೆಳೆಯನಿಗೇ ಸಿಗುವಂತೆ ಶಿಫಾರಸು ಮಾಡಿದ್ದರು! ಊರಲ್ಲಿ ಗಲಾಟೆ ಎದ್ದಮೇಲೆ ದಾರಿ ಬದಲಿಸಿದರು. ಮಗ ವಿಲಿಯಂ ನ್ಯೂಜೆರ್ಸಿಯ ಗವರ್ನರ್. ಅಪ್ಪ ಬಂಡಾಯದ ಕಡೆ ಬಂದರೂ ಮಗ ರಾಜನನ್ನು ಬಿಡಲಿಲ್ಲ. 1776ರಲ್ಲಿ ಅಪ್ಪ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರೆ, ಅದೇ ವರ್ಷ ಮಗ ಬಂಡಾಯದವರ ಸೆರೆಯಾದ. ಸಾಯುತ್ತಿದ್ದ ಹೆಂಡತಿಯನ್ನು ನೋಡಲೂ ಬಿಡಲಿಲ್ಲ. ಅಪ್ಪ ಉಯಿಲಿನಲ್ಲೂ ಅವನಿಗೆ ಹೆಚ್ಚೇನೂ ಬಿಟ್ಟು ಹೋಗಲಿಲ್ಲ. ಯಾರಿಂದ ಯಾರಿಗೆ ಸ್ವಾತಂತ್ರ್ಯ ಎಂಬ ಪ್ರಶ್ನೆ ಇವರ ಮನೆಯೊಳಗೇ ಇತ್ತು.

ಈ ಗಲಾಟೆ ನಮ್ಮೂರಿಗೂ ತಾಕಿದೆ. ಹೈದರ್ ಅಲಿ ಇಂಗ್ಲಿಷರ ವಿರುದ್ಧ ಹೋರಾಡುತ್ತಿದ್ದ ಸುದ್ದಿ ಅಲ್ಲಿಗೂ ಮುಟ್ಟಿ, ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ ಅವನ ಹೆಸರಿಟ್ಟರು. 1782ರಲ್ಲಿ ಆ ಹಡಗು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಇನ್ನು ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬಂಡಾಯದವರಿಗೆ ಶರಣಾದವನು, ಹನ್ನೊಂದು ವರ್ಷದ ಮೇಲೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ.

ಮೊಮ್ಮಗಳಿಗೆ ಹೀಗೆ ಹೇಳಿ: ಅವರು ಹೊಸದೇನನ್ನೂ ಕೇಳಲಿಲ್ಲ, ನೂರೈವತ್ತು ವರ್ಷದಿಂದ ಕೈಯಲ್ಲಿದ್ದದ್ದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆದರೆ ಆ ಊರ ಸಭೆಗಳಲ್ಲಿ ಕೂತವರು ಯಾರು ಅಂತಲೂ ಹೇಳಬೇಕು. ಆಗಿದ್ದ ಸುಮಾರು 25 ಲಕ್ಷ ಜನರಲ್ಲಿ ಐದರಲ್ಲೊಂದು ಪಾಲು ಗುಲಾಮರು. ಹೆಂಗಸರಿಗೆ ಮತವಿಲ್ಲ. ಮೂಲನಿವಾಸಿಗಳ ನೆಲಕ್ಕೆ ನುಗ್ಗಬೇಡಿ ಎಂದು 1763ರಲ್ಲಿ ರಾಜ ಗೆರೆ ಎಳೆದದ್ದು ಕೂಡ ಈ ವಲಸಿಗರ ಸಿಟ್ಟಿಗೆ ಒಂದು ಕಾರಣ.

ಜಾರ್ಜ್ ವಾಷಿಂಗ್ಟನ್ ಅವರ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಹ್ಯಾರಿ ಎಂಬ ಗುಲಾಮನಿದ್ದ, ಆಫ್ರಿಕಾದಲ್ಲಿ ಹುಟ್ಟಿದವನು. ರಾಜನ ಸೈನ್ಯ ಸೇರಿದ ಬಂಡಾಯಗಾರರ ಗುಲಾಮರಿಗೆ ಬಿಡುಗಡೆ ಎಂದು ವರ್ಜೀನಿಯಾ ಗವರ್ನರ್ ಸಾರಿದ್ದರು. ಯಜಮಾನ ರಾಜನ ವಿರುದ್ಧ ಯುದ್ಧಕ್ಕೆ ಹೋಗಿದ್ದಾಗ, 1776ರಲ್ಲಿ ಹ್ಯಾರಿ ಓಡಿಹೋಗಿ ರಾಜನ ಸೈನ್ಯ ಸೇರಿದ. ಯುದ್ಧ ಮುಗಿದ ಮೇಲೆ ಮೊದಲು ಈಗಿನ ಕೆನಡಾದ ನೋವಾಸ್ಕೋಷಿಯಾ, ಆಮೇಲೆ 1792ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್. ಅಲ್ಲಿ ಬಿಟ್ಟಿ ಎಂದು ಕೊಟ್ಟ ಭೂಮಿಗೆ ಬ್ರಿಟಿಷ್ ಕಂಪನಿಯೊಂದು ಕಂದಾಯ ಕೇಳಿತು. 1800ರಲ್ಲಿ ಅಲ್ಲಿನ ಜನ ತಮ್ಮದೇ ಕಟ್ಟಳೆ ಬರೆದು ಊರಲ್ಲಿ ಅಂಟಿಸಿ ಬಂಡೆದ್ದರು. ಸಿಕ್ಕಿಬಿದ್ದು ಊರಿಂದ ಗಡಿಪಾರಾದವರ ಪಟ್ಟಿಯಲ್ಲಿ ಹ್ಯಾರಿ ವಾಷಿಂಗ್ಟನ್ ಎಂಬ ಹೆಸರೂ ಇದೆ.