ದೇವರ ಮುಂದೆ ನಿಂತಾಗ ಬರುವ ಕೆಟ್ಟ ಯೋಚನೆ

(ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆ ನನ್ನ ಬಳಿ ಬಂದ ಈ ಹೆಂಗಸು ಮಂಡ್ಯ ಕಡೆಯ ಹಳ್ಳಿಯವರು. ವಯಸ್ಸು 50ರ ಆಸುಪಾಸು. ಮನೆಯವರಿಗೆ ಕಬ್ಬಿನ ಗದ್ದೆ, ಮಗ-ಸೊಸೆ ಮೈಸೂರಿನಲ್ಲಿ. ಸೊಸೆಯೇ ಕರೆದುಕೊಂಡು ಬಂದಿದ್ದಳು. ಕೂತವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನ್ ಆತ್ಮನೇ ಕೆಟ್ಟೋಗದೆ ಮೇಡಂ, ಹೇಳಿದ್ರೆ ನಿಮ್ಗೂ ಪಾಪ ಸುತ್ಕೊತದೆ" ಅಂದರು.

ಮಂಗಳಾರತಿ ಹೊತ್ತಿಗೆ ಮೂರ್ತಿಯ ಮುಖ ನೋಡಿದರೆ ಸಾಕು, ಅಸಹ್ಯ ಬೈಗುಳ ಮನಸ್ಸಿಗೆ ನುಗ್ಗುತ್ತಿತ್ತು. ಕೆನ್ನೆ ಬಡಿದುಕೊಂಡು ಮತ್ತೆ ಕೈಮುಗಿಯುವುದು. ಆಗಲೂ ಬಂದರೆ ಮತ್ತೆ ಮೊದಲಿಂದ. ಬೆಳಗಿನ ಪೂಜೆ ಮಧ್ಯಾಹ್ನವಾದರೂ ಮುಗಿಯುತ್ತಿರಲಿಲ್ಲ.

ಸೊಸೆ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಅದರ ತುಂಬಾ ಅರಿಶಿನ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು. ಒಂದೊಂದರಲ್ಲೂ ಒಂದು ರೂಪಾಯಿ. ಒಂದೊಂದು ಕೆಟ್ಟ ಯೋಚನೆಗೂ ಒಂದೊಂದು ತಪ್ಪುಕಾಣಿಕೆ. ಮೇಲುಕೋಟೆಗೆ ಹೋಗಿ ಚೆಲುವನಾರಾಯಣನ ಹುಂಡಿಗೆ ಹಾಕಿ ಬರುತ್ತಿದ್ದರು. ವಾಪಸ್ ಬರುವ ಬಸ್ಸಿನಲ್ಲೇ, ಭಕ್ತಿಯಿಂದ ಹಾಕಿದೆನೋ ಸುಮ್ನೆ ಹಾಕಿದೆನೋ ಅನ್ನೋ ಅನುಮಾನ. ಮನೆಗೆ ಬಂದು ಮತ್ತೊಂದು ಗಂಟು.

ಗಂಡನನ್ನು ದಿನವಿಡೀ ಕೇಳುವುದು ಬೇರೆ: "ದ್ಯಾವ್ರು ಮುನಿಸ್ಕೊಂಡಿಲ್ಲ ಅಲ್ವಾ?" ಆತ ಪಾಪ, "ಏನೂ ಆಗಕ್ಕಿಲ್ಲ ಕಣಮ್ಮಿ" ಅನ್ನುತ್ತಿದ್ದರು. ಸ್ವಲ್ಪ ಹೊತ್ತು ನೆಮ್ಮದಿ. ಆಮೇಲೆ ಅದೇ ಪ್ರಶ್ನೆ.

ಇದು ಗೀಳು ಕಾಯಿಲೆ, ಡಾಕ್ಟರು ಒಸಿಡಿ ಅನ್ನುತ್ತಾರೆ. ನೂರರಲ್ಲಿ 2-3 ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುತ್ತದೆ. ಕೈ ತೊಳೆಯುವ ಗೀಳು ಎಲ್ಲರಿಗೂ ಗೊತ್ತು. ಪಾಪದ ಗೀಳನ್ನು ಮಾತ್ರ ಜನ ಭಕ್ತಿ ಅಂತಲೋ, ಗಾಳಿ ಸೋಕಿದೆ ಅಂತಲೋ ತಿಳಿದು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಯಾವುದು ನಮಗೆ ಪ್ರಾಣವೋ ಗೀಳು ಅಲ್ಲಿಗೇ ಕೈ ಹಾಕುತ್ತದೆ. ಬಾಣಂತಿಗೆ ಮಗುವಿನ ಬಗ್ಗೆ, ಭಕ್ತರಿಗೆ ದೇವರ ಬಗ್ಗೆ. ಮುಂದೆ ಯೇಸು ಸಭೆ (ಜೆಸ್ಯೂಟ್ ಪಾದ್ರಿಗಳ ಸಂಘ) ಕಟ್ಟಿದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಕೂಡ 1522ರಲ್ಲಿ ಅಲ್ಲಿನ ಮನ್ರೇಸಾ ಊರಿನಲ್ಲಿ ಹೀಗೇ ನರಳಿದವರು. ಪಾದ್ರಿಯ ಮುಂದೆ ಒಪ್ಪಿಕೊಂಡ ಪಾಪವನ್ನೇ ಮತ್ತೆ ಮತ್ತೆ ಒಪ್ಪಿಕೊಂಡರೂ ಅವರಿಗೆ ಸಮಾಧಾನವಿರಲಿಲ್ಲ.

ನಾನು ಅವರಿಗೆ ಹೇಳಿದ್ದು: ಬಂದ ಯೋಚನೆ ಬೇರೆ, ಬಯಸಿದ ಯೋಚನೆ ಬೇರೆ. ಇಂಥ ಬೇಡದ ಯೋಚನೆ ಆರೋಗ್ಯವಂತರಿಗೂ ಬರುತ್ತದೆ ಅಂತ 1978ರಷ್ಟು ಹಿಂದೆಯೇ ಸಂಶೋಧಕರು ತೋರಿಸಿದ್ದಾರೆ. ಬಂದಿದ್ದಕ್ಕೆ ನಡುಗಿ ಅಟ್ಟಲು ಹೋದರೆ ಅದು ಜಾಸ್ತಿಯಾಗುತ್ತದೆ, ತುರಿಸಿದಷ್ಟೂ ತುರಿಕೆ ಏರುವ ಹಾಗೆ. ಈ ಮಾತನ್ನು ಒಂದೇ ಸಲ ಹೇಳಿದೆ. ಪದೇ ಪದೇ ಹೇಳಿದರೆ ನನ್ನ ಸಮಾಧಾನವೂ ಇನ್ನೊಂದು ತಪ್ಪುಕಾಣಿಕೆಯಾಗುತ್ತದೆ.

ಪೂಜೆ ಬಿಡಿ ಅನ್ನಲಿಲ್ಲ. ಯಾವ ಸಲಹೆಗಾರರೂ ಅನ್ನಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ. ಒಂದು ಪೂಜೆ, ಒಂದು ನಮಸ್ಕಾರ. ಯೋಚನೆ ಬಂದರೆ ಬರಲಿ, ಎದ್ದು ಮುಂದಿನ ಕೆಲಸಕ್ಕೆ ಹೋಗಬೇಕು. ಹೊಸ ಗಂಟು ಕಟ್ಟುವಂತಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಆದರೆ ಏನೂ ಮಾಡದೆ ಇದ್ದರೂ ಅದು ತಾನಾಗಿ ಇಳಿಯುತ್ತದೆ. ಊರಿನ ಅರ್ಚಕರನ್ನೂ ಒಮ್ಮೆ ಕರೆಸಿ ಮಾತಾಡಿದೆವು. "ಒಂದು ಸಲ ಕೈಮುಗಿದ್ರೆ ಸಾಕಮ್ಮ, ಮತ್ತೆ ನನ್ನನ್ನೂ ಕೇಳ್ಬೇಡಿ" ಅಂದರು. ಗಂಡ ಕೊಡಬೇಕಾದ ಉತ್ತರವನ್ನೂ ಬದಲಿಸಿದೆವು: "ಇದು ಗೀಳು ಕೇಳ್ತಿರೋ ಪ್ರಶ್ನೆ, ಬಾ, ಹಸುಗೆ ಹುಲ್ಲು ಹಾಕೋಣ." ಜೊತೆಗೆ ಮನೋವೈದ್ಯರ ಬಳಿ ಕಳಿಸಿದೆ. ಗೀಳಿನ ಔಷಧ ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಹಿಡಿಯಬಹುದು. ಅಷ್ಟರಲ್ಲೇ ಬೇಸತ್ತು ಔಷಧ ಬಿಡುವವರೂ ಇದ್ದಾರೆ.

ನನ್ನನ್ನು ತುಂಬಾ ತಟ್ಟಿದ್ದು ಸೊಸೆ ಮಾತಿನ ನಡುವೆ ಹೇಳಿದ ಒಂದು ಸಂಗತಿ. ಪಕ್ಕದ ಮನೆಯ ಒಂಟಿ ಮುದುಕಿಗೆ ಇವರೇ ದಿನಾ ಮುದ್ದೆ-ಸಾರು ಕೊಡುತ್ತಿದ್ದರಂತೆ. ಪೂಜೆ ಮುಗಿಯದೆ ಈಚೆಗೆ ಆಕೆಯ ಊಟ ಮೂರು ಗಂಟೆಗೆ ಹೋಗಿತ್ತು. ಆತ್ಮದ ಲೆಕ್ಕ ಹಾಕುವಾಗ ಆ ಮುದ್ದೆಯನ್ನು ಇವರು ಲೆಕ್ಕಕ್ಕೇ ಹಿಡಿದಿರಲಿಲ್ಲ. "ಅದೇನ್ ಪುಣ್ಯ ಮೇಡಂ, ಹಸಿದವ್ರಿಗೆ ಇಕ್ಕದು" ಅಂದರು. ಮೊದಲ ಗುರಿ ಅಂತ ಬರೆದುಕೊಂಡದ್ದು ಅದನ್ನೇ: ಮಧ್ಯಾಹ್ನ ಒಂದು ಗಂಟೆಯೊಳಗೆ ಅಜ್ಜಿಗೆ ಊಟ.

ಈಗಲೂ ಯೋಚನೆ ಬರುತ್ತದೆ, ಕಡಿಮೆ. ಬಂದ ದಿನವೂ ಅಜ್ಜಿಯ ಊಟ ಹೊತ್ತಿಗೆ ಹೋಗುತ್ತಿದೆ. ಚಿಕಿತ್ಸೆ ಮುಂದುವರಿದಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಒದ್ದಾಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.