ಕಲಾವಿದ ಸ್ನೇಹಿತರ ಸ್ಟುಡಿಯೋದಿಂದ ಚಿತ್ರ ಎರವಲು ತಂದು ಮನೆಯಲ್ಲಿ ಹಾಕುವಾಗ ಏನೇನು ಗಮನಿಸಬೇಕು?

ಚಿತ್ರ ಬರೆಯುವ ಗೆಳತಿ "ಸ್ಟುಡಿಯೋಗೆ ಬಾ, ಇಷ್ಟವಾದದ್ದನ್ನು ಒಯ್ದು ಕೆಲವು ತಿಂಗಳು ಮನೆಯಲ್ಲಿ ಹಾಕಿಕೋ" ಎಂದಿದ್ದಾರೆ, ಹೋದಾಗ ಏನು ನೋಡಬೇಕು, ಏನು ಕೇಳಬೇಕು, ಹಾಳಾಗದ ಹಾಗೆ ಹೇಗೆ ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ. ಎರವಲು ಚಿತ್ರಕ್ಕೆ ಗೋಡೆಯ ಮೇಲಿರುವಾಗ ಆಗುವ ಹಾನಿ ಕಡಿಮೆ. ಸ್ಟುಡಿಯೋ ಬಾಗಿಲಿನಿಂದ ನಿಮ್ಮ ಮನೆಯ ಹುಕ್ಕಿನವರೆಗಿನ ದಾರಿಯಲ್ಲೇ ಹೆಚ್ಚಿನ ಪೆಟ್ಟು ಬೀಳುವುದು. ಹಾಗಾಗಿ ಪ್ಯಾಕಿಂಗ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೋಗುವ ಮುಂಚೆ ಗೋಡೆಯ ಅಳತೆ ತೆಗೆದುಕೊಳ್ಳಿ. ಹಾಕಬೇಕೆಂದಿರುವ ಗಾತ್ರಕ್ಕೆ ಖಾಕಿ ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿ. ಸ್ಟುಡಿಯೋದ ಎತ್ತರದ ಖಾಲಿ ಗೋಡೆಯಲ್ಲಿ ಸಾಧಾರಣವಾಗಿ ಕಾಣುವ ಚಿತ್ರ, ಸೋಫಾ ಮೇಲೆ ಬಂದಾಗ ಕೋಣೆಯನ್ನೇ ನುಂಗಿಬಿಡುತ್ತದೆ. ಅದೇ ಗೋಡೆಯ ಫೋಟೋ ಹಗಲಿನಲ್ಲಿ ಒಂದು, ರಾತ್ರಿ ದೀಪ ಹಾಕಿ ಒಂದು ತೆಗೆದಿಟ್ಟುಕೊಳ್ಳಿ. ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟ್, ಕಾರಿನ ಹಿಂಬಾಗಿಲು, ಇವುಗಳ ಅಳತೆಯೂ ಜೊತೆಗಿರಲಿ. ಕ್ಯಾನ್ವಾಸ್ ಅಳತೆಯನ್ನಷ್ಟೇ ಕೇಳಿ ಹೊರಟವರು ಫ್ರೇಮಿನ ಅಗಲ ಮರೆತು ಕಾರಿನ ಮುಂದೆ ನಿಂತುಬಿಡುತ್ತಾರೆ.

ಸ್ಟುಡಿಯೋದಲ್ಲಿ ಬೆನ್ನಿನ ಬ್ಯಾಗನ್ನು ಬಾಗಿಲಲ್ಲೇ ಇಳಿಸಿ. ಗೋಡೆಗೆ ಒರಗಿಸಿಟ್ಟ ಕ್ಯಾನ್ವಾಸಿಗೆ ತಿರುಗುವಾಗ ಬ್ಯಾಗ್ ತಗಲುವುದು ತೀರಾ ಸಾಮಾನ್ಯ. ಏನನ್ನೂ ಮುಟ್ಟಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಅಪೂರ್ಣ ಕೆಲಸ ಹೊರಗೆ ಕಾಣುವುದು ಬಹಳ ಜನಕ್ಕೆ ಇಷ್ಟವಿರುವುದಿಲ್ಲ. ಮುಖ್ಯವಾಗಿ, "ಅದು ಕೊಡ್ತೀಯಾ?" ಎಂದು ಶುರುಮಾಡದೆ "ಹೊರಗೆ ಕಳಿಸಬಹುದಾದವು ಯಾವುವು?" ಎಂದು ಕೇಳಿ. ಕೆಲವು ಮುಂದಿನ ಪ್ರದರ್ಶನಕ್ಕೆ ಎತ್ತಿಟ್ಟವು, ಕೆಲವು ಸರಣಿಯಿಂದ ಬೇರ್ಪಡಿಸಲಾಗದವು, ಕೆಲವಕ್ಕೆ ಕೊಳ್ಳುವವರು ಮಾತು ಕೊಟ್ಟಿರುತ್ತಾರೆ. ಸ್ನೇಹದಲ್ಲಿ ಇಲ್ಲ ಎನ್ನುವುದು ಕಷ್ಟ. ಆ ಕಷ್ಟವನ್ನು ಅವರ ಮೇಲೆ ಹಾಕಬೇಡಿ.

ಇಷ್ಟವಾದದ್ದನ್ನು ಹಿಂದೆ ತಿರುಗಿಸಿ ತೋರಿಸಲು ಹೇಳಿ. ತಾರೀಖು ಸಾಮಾನ್ಯವಾಗಿ ಹಿಂದೆಯೇ ಬರೆದಿರುತ್ತದೆ, ತೂಗುಹಾಕುವ ಡಿ-ರಿಂಗ್ (ಡಿ ಆಕಾರದ ಲೋಹದ ಬಳೆ) ಇದೆಯೋ ಇಲ್ಲವೋ ಅದೂ ಅಲ್ಲೇ ಗೊತ್ತಾಗುತ್ತದೆ. ತೈಲವರ್ಣವಾದರೆ ತಾರೀಖು ಬಹಳ ಮುಖ್ಯ. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ. ತೆಳು ಪದರ ಕೆಲವು ದಿನಗಳಿಂದ ಎರಡು ವಾರದೊಳಗೆ ಕೈಗೆ ಅಂಟದ ಹಾಗಾದರೂ ಒಳಗಿನವರೆಗೆ ಗಟ್ಟಿಯಾಗಲು 6ರಿಂದ 12 ತಿಂಗಳು ಬೇಕು, ದಪ್ಪಗೆ ಮೆತ್ತಿದ್ದರೆ ಇನ್ನೂ ಹೆಚ್ಚು. ಆರು ತಿಂಗಳೂ ತುಂಬದ ತೈಲವರ್ಣವನ್ನು ಪ್ಯಾಕ್ ಮಾಡಿ ತರುವುದಕ್ಕಿಂತ ಬೇರೆ ಚಿತ್ರ ಆರಿಸುವುದೇ ವಾಸಿ.

ಬಣ್ಣದ ವಿಷಯದಲ್ಲೂ ಮೋಸ ಹೋಗಬೇಡಿ. ಸ್ಟುಡಿಯೋದಲ್ಲಿ ಬಿಳಿ ಬೆಳಕಿರುತ್ತದೆ, ಮನೆಯ ದೀಪ ಎಷ್ಟೋ ಕಡೆ ಹಳದಿ. 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ) ಬಲ್ಬಿನ ಕೆಳಗೆ ನೀಲಿ ಮಂಕಾಗುತ್ತದೆ, ಕೆಂಪು-ಹಳದಿ ಏರುತ್ತವೆ. ನೀಲಿಗಾಗಿಯೇ ಮೆಚ್ಚಿದ ಚಿತ್ರವಿದ್ದರೆ, ಮನೆಯಲ್ಲಿ 4000 ಕೆಲ್ವಿನ್ ಸುತ್ತಮುತ್ತಲಿನ, ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಹಾಕಿಸಿ.

ಕಾಗದದ ಮೇಲಿನ ಕೆಲಸ ಮನೆಗೆ ಅಷ್ಟಾಗಿ ಹೊಂದುವುದಿಲ್ಲ. ಜಲವರ್ಣ, ಮುದ್ರಿತ ಚಿತ್ರಗಳಿಗೆ ಸಂಗ್ರಹಾಲಯಗಳಲ್ಲಿ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಸಾಕೆನ್ನುತ್ತಾರೆ, ತೈಲವರ್ಣಕ್ಕೆ 150–200. ಕಿಟಕಿ ಪಕ್ಕದ ಹಗಲು ಬೆಳಕು ಸುಲಭವಾಗಿ ಸಾವಿರ ದಾಟುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಫ್ರೇಮ್, ಗಾಜು, ಚಿತ್ರ ಗಾಜಿಗೆ ತಗಲದಂತೆ ನಡುವೆ ಆಮ್ಲರಹಿತ ರಟ್ಟಿನ ಅಂಚು, ಇಷ್ಟಿಲ್ಲದ ಕಾಗದದ ಚಿತ್ರವನ್ನು ತರಲೇಬೇಡಿ. ಇದ್ದಿಲು, ಪೇಸ್ಟಲ್ ಚಿತ್ರಗಳಿಗೆ ಗಾಜಿನ ಬದಲು ಹಾಕುವ ಅಕ್ರಿಲಿಕ್ ಹಾಳೆ (ಪಾರದರ್ಶಕ ಪ್ಲಾಸ್ಟಿಕ್) ಸಲ್ಲದು, ಅದರ ಸ್ಥಿರವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಗಾಜೇ ಬೇಕು, ಸಾಗಿಸುವಾಗ ಮುಖ ಮೇಲಾಗಿ ಮಲಗಿಸಿಯೇ ತರಬೇಕು.

ಇನ್ನು ಬರಹ. ಗೆಳೆತನದಲ್ಲಿ ಕಾಗದ ಪತ್ರ ಯಾಕೆ ಅನ್ನಿಸಬಹುದು. ಆರು ತಿಂಗಳಾದ ಮೇಲೆ ಮೂಲೆಯಲ್ಲಿ ಒಂದು ಗೀರು ಕಂಡಾಗ ಅದು ಮೊದಲೇ ಇತ್ತೋ ಇಲ್ಲವೋ ಎಂದು ಇಬ್ಬರಿಗೂ ನೆನಪಿರುವುದಿಲ್ಲ, ಅದಕ್ಕೇ. ಒಂದು ಪುಟ ಸಾಕು: ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ, ಕಲಾವಿದರು ಹೇಳುವ ಬೆಲೆ, ಒಯ್ದ ದಿನ, ಮರಳಿಸುವ ದಿನ. ನಡುವೆ ಕೊಳ್ಳುವವರು ಬಂದರೆ ಎಷ್ಟು ದಿನ ಮುಂಚೆ ತಿಳಿಸಬೇಕು (ಹತ್ತು ದಿನ ನ್ಯಾಯವಾದದ್ದು), ಸಾಗಣೆ ಖರ್ಚು ಯಾರದು, ಹಾನಿಯಾದರೆ ಏನು, ಚಿತ್ರದ ಫೋಟೋವನ್ನು ನೀವು ಇಂಟರ್ನೆಟ್ಟಿಗೆ ಹಾಕಬಹುದೇ ಎಂಬುದನ್ನೂ ಸೇರಿಸಿ. ಚಿತ್ರ ನಿಮ್ಮ ಮನೆಯಲ್ಲಿದ್ದ ಮಾತ್ರಕ್ಕೆ ಅದರ ಹಕ್ಕುಸ್ವಾಮ್ಯ ನಿಮಗೆ ಬರುವುದಿಲ್ಲ. ಮನೆಯ ವಿಮೆ ಇದ್ದರೆ ಬೇರೆಯವರ ವಸ್ತುವಿಗೂ ಅನ್ವಯಿಸುತ್ತದೆಯೇ ಎಂದು ವಿಮಾ ಕಂಪನಿಯನ್ನೇ ಕೇಳಿ, ಊಹಿಸಬೇಡಿ.

"ಬೇಕಾದಷ್ಟು ದಿನ ಇಟ್ಟುಕೋ" ಎಂದರೂ ಅವಧಿ ಬರೆಯಿರಿ. ಅಮೆರಿಕದ ಒಬರ್ಲಿನ್ ಕಾಲೇಜು 1940ರಿಂದ ವಿದ್ಯಾರ್ಥಿಗಳ ಕೋಣೆಗಳಿಗೆ ಮೂಲ ಕಲಾಕೃತಿಗಳನ್ನು ಎರವಲು ಕೊಡುತ್ತಾ ಬಂದಿದೆ, ಅದೂ ಒಂದು ಸೆಮಿಸ್ಟರಿನ ಲೆಕ್ಕದಲ್ಲಿ. ಮನೆಗೂ ನಾಲ್ಕೈದು ತಿಂಗಳು ಸರಿಯಾದ ಅವಧಿ. ಕಾಗದದ ಕೆಲಸವಾದರೆ ಮೂರು ಸಾಕು.

ಪ್ಯಾಕ್ ಮಾಡುವ ಮೊದಲು ಫೋಟೋ ತೆಗೆಯಿರಿ. ಮುಂಭಾಗ, ಹಿಂಭಾಗ, ನಾಲ್ಕು ಮೂಲೆ, ಆಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಒಂದು. ಈ ಓರೆ ಬೆಳಕಿನಲ್ಲಿ ತಗ್ಗು, ಬಿರುಕು, ಎದ್ದ ಬಣ್ಣ ಎಲ್ಲ ಕಾಣುತ್ತದೆ. ಎತ್ತುವಾಗ ಎರಡೂ ಕಡೆಯ ಅಂಚನ್ನು ಎರಡು ಕೈಯಲ್ಲಿ ಹಿಡಿಯಿರಿ. ಮೇಲಿನ ಪಟ್ಟಿಯನ್ನಷ್ಟೇ ಹಿಡಿದು ಎತ್ತಿದರೆ ಫ್ರೇಮಿನ ಮೂಲೆ ಬಿಚ್ಚಿಕೊಳ್ಳಬಹುದು. ಬೆರಳು ಮರದ ಪಟ್ಟಿಗೂ ಬಟ್ಟೆಗೂ ನಡುವೆ ಸೇರಿದರೆ ಮುಂದೆ ಉಬ್ಬು ಬಿದ್ದು ಕ್ರಮೇಣ ಅಲ್ಲೇ ಬಣ್ಣ ಬಿರಿಯುತ್ತದೆ.

ಎಲ್ಲರೂ ಎಡವುವುದು ಬಬಲ್ ರ‍್ಯಾಪಿನಲ್ಲಿ. ನೇರವಾಗಿ ಬಣ್ಣಕ್ಕೆ ತಾಗುವಂತೆ ಸುತ್ತಿದರೆ ಗುಳ್ಳೆಗಳ ಸುತ್ತು ಗುರುತು ಅಚ್ಚೊತ್ತಿದಂತೆ ಕೂರುತ್ತದೆ. ಅಕ್ರಿಲಿಕ್ ಬಣ್ಣ ಬೇಗ ಆರಿದರೂ ಬಿಸಿಗೆ ಮೆತ್ತಗಾಗುವ ಗುಣ ಹಾಗೇ ಇರುತ್ತದೆ, ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದು ಹೀಗೆ. ಮೊದಲ ಪದರ ಸಿಲಿಕೋನ್ ಲೇಪಿತ ಕಾಗದ ಅಥವಾ ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ ಇರಲಿ, ಆಮೇಲೆ ಚಿತ್ರಕ್ಕಿಂತ ಎಲ್ಲ ಕಡೆ 2–3 ಸೆಂ.ಮೀ. ದೊಡ್ಡದಾದ ಗಟ್ಟಿ ರಟ್ಟು, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ. ನ್ಯೂಸ್ ಪೇಪರ್ ಬೇಡ, ಮಸಿ ಇಳಿಯುತ್ತದೆ. ನಾಲ್ಕು ಮೂಲೆಗೂ ರಟ್ಟು ಮಡಚಿ ಟೋಪಿ ಹಾಕಿ. ಗಾಜಿನ ಫ್ರೇಮಿದ್ದರೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪನ್ನು ನಕ್ಷತ್ರದಂತೆ ಅಂಟಿಸಿ, ಒಡೆದರೂ ಚೂರು ಚಿತ್ರದ ಮೇಲೆ ಬೀಳದು. ಅಕ್ರಿಲಿಕ್ ಹಾಳೆಗಾಗಲಿ ಪ್ರತಿಫಲನ ತಡೆಯುವ ಲೇಪನದ ಗಾಜಿಗಾಗಲಿ ಹೀಗೆ ಮಾಡಬೇಡಿ.

ಎರಡು ಚಿತ್ರ ತರುವುದಾದರೆ ನಡುವೆ ರಟ್ಟಿಟ್ಟು ಮುಖಕ್ಕೆ ಮುಖ ಜೋಡಿಸಿ. ಒಂದರ ಹಿಂದಿನ ಹುಕ್ಕು ಇನ್ನೊಂದರ ಮುಂಭಾಗಕ್ಕೆ ಚುಚ್ಚಿ ತೂತಾಗುವುದೇ ಸಾಗಣೆಯ ದೊಡ್ಡ ಅನಾಹುತ. ಇದ್ದಿಲು, ಪೇಸ್ಟಲ್ ಬಿಟ್ಟು ಉಳಿದವನ್ನು ಕಾರಿನಲ್ಲಿ ನಿಲ್ಲಿಸಿ, ಹೋಗುವ ದಿಕ್ಕಿಗೆ ಸಮಾನಾಂತರವಾಗಿ, ಬೆಡ್‌ಶೀಟ್ ಒತ್ತಿಟ್ಟು. ಸ್ಕೂಟರಿನ ಹಿಂದೆ ಕೂತು ಹಿಡಿದುಕೊಳ್ಳುವ ಯೋಚನೆಯಿದ್ದರೆ ಬಿಟ್ಟುಬಿಡಿ, ಗಾಳಿಗೆ ಕ್ಯಾನ್ವಾಸ್ ಹಾಯಿಯೇ ಆಗುತ್ತದೆ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನಲ್ಲಿ ಚಿತ್ರ ಬಿಟ್ಟು ಹೋಗಬೇಡಿ. ಮನೆಗೆ ಬಂದ ದಿನವೇ ಬಿಚ್ಚಿ, ಒಳಗೆ ತೇವ ಸೇರಿದರೆ ಬೂಷ್ಟು ಬರುತ್ತದೆ.

ಗೋಡೆ ಆರಿಸುವಾಗ ದಿನದ ಯಾವ ಹೊತ್ತಿನಲ್ಲೂ ನೇರ ಬಿಸಿಲು ಬೀಳದ ಕಡೆ ನೋಡಿ. ಋತು ಬದಲಾದರೆ ಬಿಸಿಲಿನ ಕೋನವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಒಲೆಯ ಹತ್ತಿರ, ಬಚ್ಚಲಿನ ಹಿಂಗೋಡೆ, ಮಳೆ ಬಡಿಯುವ ಹೊರಗೋಡೆ, ಎ.ಸಿ. ಗಾಳಿ ಬಡಿಯುವ ಜಾಗ ಬೇಡ. ಚಿತ್ರದ ಮಧ್ಯಭಾಗ ನೆಲದಿಂದ 145–150 ಸೆಂ.ಮೀ. ಎತ್ತರಕ್ಕೆ ಬಂದರೆ ಕಣ್ಣಿಗೆ ಹಿತ. ಹುಕ್ಕಿನ ಎತ್ತರದ ಲೆಕ್ಕ ಹೀಗೆ: 148ಕ್ಕೆ ಚಿತ್ರದ ಅರ್ಧ ಎತ್ತರ ಕೂಡಿಸಿ, ತಂತಿಯನ್ನು ಮೇಲಕ್ಕೆ ಎಳೆದಾಗ ಅದು ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟನ್ನು ಕಳೆಯಿರಿ. 90 ಸೆಂ.ಮೀ. ಎತ್ತರದ ಚಿತ್ರ, ತಂತಿ 12 ಸೆಂ.ಮೀ. ಕೆಳಗೆ ಎಂದಾದರೆ 181.

ತೂಕ ಗೊತ್ತಿಲ್ಲದಿದ್ದರೆ ಚಿತ್ರ ಹಿಡಿದು ತೂಕದ ಯಂತ್ರದ ಮೇಲೆ ನಿಂತು ನಿಮ್ಮ ತೂಕ ಕಳೆದರಾಯಿತು. ಇಟ್ಟಿಗೆ ಗೋಡೆಗೆ 6 ಮಿ.ಮೀ. ಬಿಟ್, ಅದೇ ಅಳತೆಯ ವಾಲ್ ಪ್ಲಗ್, 40–50 ಮಿ.ಮೀ. ಸ್ಕ್ರೂ. ಪ್ಲಗ್ ಗಾರೆಯನ್ನು ದಾಟಿ ಇಟ್ಟಿಗೆಯಲ್ಲಿ ಕೂರಬೇಕು; ಬರೀ ಗಾರೆಯಲ್ಲಿ ನಿಂತರೆ ಕೆಲ ದಿನಗಳಲ್ಲೇ ಸಡಿಲಾಗುತ್ತದೆ. ಅಗಲ 60 ಸೆಂ.ಮೀ. ಮೀರಿದರೆ ಎರಡು ಹುಕ್ಕು ಹಾಕಿ, ಓರೆಯಾಗುವುದೂ ನಿಲ್ಲುತ್ತದೆ. ಕೆಳಗಿನ ಎರಡು ಮೂಲೆಯ ಹಿಂದೆ ರಬ್ಬರ್ ಗುಂಡಿ ಅಂಟಿಸಿದರೆ ಗಾಳಿ ಆಡುತ್ತದೆ. ಫ್ರೇಮ್ ಗೆಳತಿಯದೇ ಆಗಿದ್ದರೆ ಗುಂಡಿ ಅಂಟಿಸಲೂ ಒಮ್ಮೆ ಕೇಳಿ.

ಧೂಳಿಗೆ ಒಣಗಿದ ಮೃದು ಬ್ರಷ್ ಬಿಟ್ಟು ಬೇರೇನೂ ಬೇಡ. ಗಾಜು ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ, ಫ್ರೇಮಿನ ಮೇಲೆ ಸಿಂಪಡಿಸಬೇಡಿ. ಮಳೆಗಾಲದಲ್ಲಿ ಕ್ಯಾನ್ವಾಸ್ ಜೋಲು ಬಿದ್ದರೆ ಬಟ್ಟೆ ಬಿಗಿಮಾಡುವ ಹಿಂದಿನ ಮರದ ಬೆಣೆಗಳನ್ನು ನೀವೇ ಬಡಿಯಬೇಡಿ. ತಗ್ಗು ಬಿದ್ದರೆ ಹಿಂದಿನಿಂದ ನೀರು ಸವರುವ ಉಪಾಯ ಹೇಳುವವರು ಸಿಗುತ್ತಾರೆ, ಕೇಳಬೇಡಿ, ಬಣ್ಣದ ತಳಪದರವೇ ಬಿರಿಯಬಹುದು. ಫೋಟೋ ತೆಗೆದು ಅದೇ ದಿನ ಗೆಳತಿಗೆ ಕಳಿಸಿ, ಸರಿಪಡಿಸುವುದು ಅವರಿಗೆ ಬಿಟ್ಟದ್ದು.

ಪ್ಯಾಕಿಂಗ್ ಸಾಮಾನನ್ನು ಎಸೆಯದೆ ಒಣ ಜಾಗದಲ್ಲಿಡಿ, ಮರಳಿಸುವಾಗ ಅದೇ ಕ್ರಮದಲ್ಲಿ ಸುತ್ತಬೇಕು. ಸ್ಟುಡಿಯೋದಲ್ಲಿ ಬಿಚ್ಚಿ, ಹಳೆಯ ಫೋಟೋಗಳ ಪಕ್ಕದಲ್ಲಿಟ್ಟು ಇಬ್ಬರೂ ನೋಡಿ, ಆ ಪುಟದ ಕೆಳಗೆ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ. ಇನ್ನೊಂದು ಚಿತ್ರ ಕೇಳುವುದಿದ್ದರೆ ಸಹಿಯಾದ ಮೇಲೆ ಕೇಳಿ.